ಜೂಲಿಯ ಹೊಟ್ಟೆಯ ಒಂಬತ್ತು ಗಂಟು

ಕಳೆದ ತಿಂಗಳು ಒಬ್ಬ ಕಕ್ಷಿದಾರನ ಗಾಯದ ಸರ್ಟಿಫಿಕೇಟಿಗಾಗಿ ಕೊಯಮತ್ತೂರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಇಂಥ ಓಡಾಟಕ್ಕೆಲ್ಲ ನಮ್ಮ ಸೀನಿಯರ್ ವಕೀಲರು ನನ್ನನ್ನೇ ಅಟ್ಟುತ್ತಾರೆ. ಆ ಮನುಷ್ಯ ಹಾಸಿಗೆಯಲ್ಲಿ ಒರಗಿ ಕೂತಿದ್ದ. ಮೈಮೇಲೆ ಅಂಗಡಿಯಿಂದ ಆಗಷ್ಟೇ ತಂದ ಬಿಳಿ ಬನಿಯನ್, ಮಡಿಕೆಯ ಗೆರೆ ಕೂಡ ಹೋಗಿರಲಿಲ್ಲ. ಅದರ ಅಂಚಿಗೆ ಗಾಯಕ್ಕೆ ಹಚ್ಚಿದ ಹಳದಿ ಔಷಧಿ ಮೆತ್ತಿಕೊಂಡಿತ್ತು. ಹೊಸ ಬನಿಯನ್ ಬಟ್ಟೆಯ ವಾಸನೆ, ಅಯೋಡಿನ್ ವಾಸನೆ, ಎರಡೂ ಒಟ್ಟಿಗೆ. ನಾನು ಕೇಳಬೇಕಾಗಿದ್ದ ಪ್ರಶ್ನೆ ಮರೆತೇಹೋಯಿತು. ವಾಸನೆಗೆ ನೆನಪು ಕರೆತರುವ ಶಕ್ತಿ ಇದೆ ಎಂದು ಯಾರಾದರೂ ಹೇಳಿದರೆ ಪುರಾವೆ ಕೇಳುವವಳು ನಾನು. ಅವತ್ತು ಕೇಳಲಿಲ್ಲ.

ನೆನಪಾದದ್ದು ನಾನು ಡಿಗ್ರಿ ಮುಗಿಸಿದ ವರ್ಷದ ಆಡಿ ತಿಂಗಳು. ಕರ್ನಾಟಕದ ಆಷಾಢಕ್ಕೆ ಹತ್ತಿರದ್ದು ಎಂದಿಟ್ಟುಕೊಳ್ಳಿ. ಸೂಲೂರಿನಿಂದ ಪಲ್ಲಡಂ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಆ ತಿಂಗಳಲ್ಲಿ ನಮ್ಮಲ್ಲಿ ಮಳೆ ಹೆಸರಿಗೆ ಮಾತ್ರ, ಇರುವುದೆಲ್ಲ ಗಾಳಿ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬಂದು ಬೆಳಗಿನಿಂದ ಸಂಜೆಯವರೆಗೆ ತಗಡು ಬಡಿಯುತ್ತದೆ, ಮಗ್ಗದ ಶೆಡ್ಡುಗಳಿಂದ ಹತ್ತಿಯ ಧೂಳು ಎತ್ತಿ ತಂದು ಅನ್ನದ ತಟ್ಟೆಗೆ ಹಾಕುತ್ತದೆ. ಮಾತಾಡುವವರು ಕೂಗಿ ಮಾತಾಡಬೇಕು. ನನಗೆ ಅದು ಕಷ್ಟವಾಗಿರಲಿಲ್ಲ.

ಮನೆಯಲ್ಲಿ ಮೂವರು. ಅಪ್ಪ ಪಕ್ಕದ ಶೆಡ್ಡಿನಲ್ಲಿ ಪವರ್‌ಲೂಮ್ ಓಡಿಸುತ್ತಿದ್ದ. ಅಪ್ಪನ ಅಕ್ಕ, ನನ್ನ ಅತ್ತೆ, ತಿರುಪ್ಪೂರಿನ ಒಂದು ಬನಿಯನ್ ಕಂಪನಿಗೆ ದಿನಾ ವ್ಯಾನಿನಲ್ಲಿ ಹೋಗಿ ಬರುತ್ತಿದ್ದಳು. ನನಗೆ ಆರು ವರ್ಷವಾಗಿದ್ದಾಗ ಅಮ್ಮ ಹೋದಳು, ಅತ್ತೆ ಬಂದಳು. ಅದಕ್ಕಿಂತ ಹೆಚ್ಚು ಆ ವಿಷಯ ನಮ್ಮಲ್ಲಿ ಯಾರೂ ಮಾತಾಡಿದ್ದಿಲ್ಲ. ಮೂರು ತಲೆಮಾರಿನಿಂದ ತಮಿಳು ನೆಲದಲ್ಲಿರುವ ನೇಕಾರರ ಮನೆ ನಮ್ಮದು. ಕನ್ನಡ ಬಾಯಲ್ಲಿ ಮಾತ್ರ ಉಳಿದಿದೆ. ಅಕ್ಷರವನ್ನು ನಾನು ಕಾಲೇಜಿಗೆ ಬಂದ ಮೇಲೆ ಹಟ ಹಿಡಿದು ಕಲಿತೆ. ಇಲ್ಲಿ ಬರೆದಿರುವುದನ್ನು ಅಪ್ಪನಾಗಲಿ ಅತ್ತೆಯಾಗಲಿ ಓದಲಾರರು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೀಯ ಎಂದು ಯಾರಾದರೂ ಆಕ್ಷೇಪಿಸಿದರೆ, ಒಪ್ಪುತ್ತೇನೆ.

ಅತ್ತೆಯ ಕೆಲಸಕ್ಕೆ ಪಿಸಿರು ವೆಟ್ಟುವುದು ಎನ್ನುತ್ತಾರೆ. ಹೊಲಿಗೆ ಮುಗಿದ ಬನಿಯನ್‌ನಲ್ಲಿ ಅಲ್ಲಲ್ಲಿ ದಾರದ ತುದಿ ಚಾಚಿಕೊಂಡಿರುತ್ತದಲ್ಲ, ಅದು ಪಿಸಿರು. ಚಿಮಟದಂಥ ಪುಟ್ಟ ಕತ್ತರಿಯಿಂದ ಅದನ್ನು ಬಟ್ಟೆಯ ಮಟ್ಟಕ್ಕೆ ಕತ್ತರಿಸಬೇಕು. ಎಳೆ ಇಷ್ಟೇ ಇಷ್ಟು ಉಳಿದರೂ ಪೀಸು ವಾಪಸ್. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದೊಂದೇ ಕೆಲಸ ಮಾಡಿದವಳಿಗೆ ಬಸ್ಸಿನಲ್ಲಿ ಮುಂದೆ ನಿಂತವರ ಕಾಲರಿನ ದಾರವೂ ಕಣ್ಣಿಗೆ ಚುಚ್ಚುತ್ತಿತ್ತು. ನಾನು ಡಿಬೇಟಿಗೆ ಹೊರಟಾಗ ನನ್ನ ಚೂಡಿದಾರದ ಅಂಚಿಗೆ ಬಗ್ಗಿ ಹಲ್ಲಿನಲ್ಲಾದರೂ ಕಚ್ಚಿ ತೆಗೆಯುತ್ತಿದ್ದಳು.

ನಾಲ್ಕನೆಯದು ಜೂಲಿ. ಹನ್ನೊಂದು ವರ್ಷದ ನಾಡುನಾಯಿ, ಕಂದು ಬಣ್ಣ, ಮೂತಿ ಮಾತ್ರ ಬೆಳ್ಳಗಾಗಿತ್ತು. ಆಡಿ ಶುರುವಾದ ವಾರ ಅದು ಅನ್ನ ಬಿಟ್ಟು ಬರೀ ನೀರು ಕುಡಿಯತೊಡಗಿತು. ಹೊಟ್ಟೆ ಊದಿತು. ಸೂಲೂರಿನ ಪ್ರಾಣಿವೈದ್ಯೆ ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿ, ಗರ್ಭಕೋಶದ ತುಂಬ ಕೀವು, ಇವತ್ತೇ ತೆಗೆಯಬೇಕು, ಇಲ್ಲವಾದರೆ ವಾರ ದಾಟುವುದಿಲ್ಲ ಎಂದರು.

"ಈ ವಯಸ್ಸಲ್ಲಿ ಅದನ್ನ ಕುಯ್ಯೋದಾ?" ಅಪ್ಪ ಆಸ್ಪತ್ರೆಯ ಜಗಲಿಯಲ್ಲೇ ತಕರಾರು ತೆಗೆದ. "ಪಾಪ, ಮನೇಲಿ ಸುಮ್ನೆ ಮಲಗ್ಲಿ ಬಿಡು."

ನಾನು ಮೂರು ಅಂಶ ಮಂಡಿಸಿದೆ. ಒಂದು, ವಯಸ್ಸು ರೋಗವಲ್ಲ. ಎರಡು, ಸುಮ್ಮನೆ ಮಲಗುವುದು ಎಂದು ಅಪ್ಪ ಹೇಳುತ್ತಿರುವುದು ನಿಜವಾಗಿ ನೋವಿನಲ್ಲಿ ಸಾಯುವುದು. ಮೂರು, ನಾಯಿಗೆ ಆಯ್ಕೆ ಕೇಳಲಾಗದಿರುವಾಗ ಬದುಕಿನ ಪರವಾಗಿ ನಿಲ್ಲುವುದೇ ನ್ಯಾಯ.

"ಶುರುವಾತು ಇವ್ಳ ಪೇಚ್ಚು ಪೋಟ್ಟಿ," ಅಂದ ಅಪ್ಪ. ಶಾಲೆಯ ಭಾಷಣ ಸ್ಪರ್ಧೆಗೆ ತಮಿಳಿನಲ್ಲಿ ಹಾಗೆನ್ನುತ್ತಾರೆ.

ಅತ್ತೆ ಜೂಲಿಯ ಕಿವಿ ಹಿಡಿದುಕೊಂಡು ಕೂತಿದ್ದಳು. ನನ್ನನ್ನು ಆಕೆ ತಮಿಳರಂತೆ ಮುದ್ದಿನಿಂದ 'ಕಣ್ಣು' ಎಂದೇ ಕರೆಯುವುದು. "ಇಬ್ರೂ ಬಾಯಿ ಮುಚ್ಚಿ. ಡಾಕ್ಟರಮ್ಮನ್ನ ಕೂಗು ಕಣ್ಣು, ಮಾಡ್ಬಿಡ್ಲಿ," ಅಂದಳು. ಮುಗಿಯಿತು. ನನ್ನ ವಾದದಿಂದ ಗೆದ್ದೆ ಎಂದು ಆಮೇಲೆ ತುಂಬ ದಿನ ಅಂದುಕೊಂಡಿದ್ದೆ.

ಆದರೆ ಆ ವರ್ಷದ ನನ್ನ ಸ್ಥಿತಿಯನ್ನೂ ಹೇಳಬೇಕು. ಮೂರು ವರ್ಷ ಕಾಲೇಜಿನ ಡಿಬೇಟ್ ತಂಡದಲ್ಲಿದ್ದೆ. ಅಲ್ಲಿ ಪಕ್ಷವನ್ನು ನಾವು ಆರಿಸುವುದಿಲ್ಲ, ನಾಣ್ಯ ಚಿಮ್ಮಿ ಕೊಡುತ್ತಾರೆ. ಬೆಳಿಗ್ಗೆ ಮರಣದಂಡನೆಯ ಪರ, ಮಧ್ಯಾಹ್ನ ವಿರುದ್ಧ, ಎರಡರಲ್ಲೂ ಬಹುಮಾನ. ಹೀಗೆ ಮಾಡಿ ಮಾಡಿ ಯಾವ ಮಾತು ಕೇಳಿದರೂ ಅದರ ಎದುರು ಮಾತು ಮೊದಲೇ ನಾಲಿಗೆಯ ಮೇಲೆ ಬಂದು ನಿಲ್ಲುತ್ತಿತ್ತು, ಒಳಗೆ ಮಾತ್ರ ಏನೂ ಅಲ್ಲಾಡುತ್ತಿರಲಿಲ್ಲ. ಜೂಲಿಯನ್ನು ಒಳಗೆ ಕರೆದೊಯ್ದಾಗ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಗೋಡೆಯ ಮೇಲಿನ ಹಸುವಿನ ಲಸಿಕೆಯ ಪೋಸ್ಟರ್ ಓದಿದೆ, ಮೇಲಿನಿಂದ ಕೆಳಗೆ, ಎರಡು ಸಲ.

ಮಂಗಳವಾರ ಸಂಜೆ ಜೂಲಿ ಮನೆಗೆ ಬಂತು. ಹೊಟ್ಟೆಯ ಉದ್ದಕ್ಕೆ ಒಂಬತ್ತು ಹೊಲಿಗೆ, ಒಂದೊಂದೂ ಬಿಡಿ ಗಂಟು, ಪ್ರತಿ ಗಂಟಿನಿಂದಲೂ ಕಪ್ಪು ನೈಲಾನಿನ ಎರಡೆರಡು ತುದಿ ಮೀಸೆಯಂತೆ ಚಾಚಿಕೊಂಡಿತ್ತು. ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ನಾನು ಅಂಗಳದಲ್ಲಿ ನಿಂತು ಓದಿ ಹೇಳಿದೆ: ನೆಕ್ಕಲು ಬಿಡಬಾರದು, ನೀರು ತಾಗಬಾರದು, ಮೆಟ್ಟಿಲು ಹತ್ತಿಸಬಾರದು, ಹೊಟ್ಟೆ ಖಾಲಿ ಇರುವಾಗ ಮಾತ್ರೆ ಕೊಡಬಾರದು, ಹತ್ತನೇ ದಿನ ಹೊಲಿಗೆ ಬಿಚ್ಚಬೇಕು. "ಯಾವುದಾದರೂ ಸಂದೇಹ?" ಎಂದು ಕೂಡ ಕೇಳಿದೆ.

"ನೆಕ್ಕೋದು ಯಾರು, ನಾನಾ?" ಅಂದ ಅಪ್ಪ.

ಗಾಯ ನೆಕ್ಕದಂತೆ ಕುತ್ತಿಗೆಗೆ ಕಟ್ಟಿದ್ದ ಪ್ಲಾಸ್ಟಿಕ್ ಆಲಿಕೆ ಒಂದೇ ದಿನ ಬಾಳಿತು. ಜೂಲಿ ಅದನ್ನು ಹೊಸಿಲಿಗೆ, ಮಂಚದ ಕಾಲಿಗೆ, ನನ್ನ ಮೊಣಕಾಲಿಗೆ ಡಿಕ್ಕಿ ಹೊಡೆಸಿ ಸೀಳಿತು. ಬುಧವಾರ ಅತ್ತೆ ಕಂಪನಿಯಿಂದ ರಿಜೆಕ್ಟ್ ಆದ ಮಕ್ಕಳ ಬನಿಯನ್ ತಂದು, ಕಾಲಿಗೆ ನಾಲ್ಕು ತೂತು ಮಾಡಿ, ಬೆನ್ನಿಗೆ ಲಾಡಿ ಹೊಲಿದು ತೊಡಿಸಿದಳು. ಎದೆಯ ಮೇಲೆ ಹಳದಿ ಮೊಲದ ಚಿತ್ರ, ಯಾವುದೋ ದೇಶದ ಭಾಷೆಯಲ್ಲಿ ಹುಟ್ಟುಹಬ್ಬದ ಶುಭಾಶಯ. ಜೂಲಿಗೆ ಅಳತೆ ಸರಿಯಾಗಿತ್ತು. ಗಾಯ ಮುಚ್ಚಿತು, ಧೂಳೂ ತಪ್ಪಿತು.

ದಿನಚರಿ ಹೀಗೆ ಕೂತುಕೊಂಡಿತು. ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ ಎರಡೂ ತುದಿ ಹಿಡಿದು ಅದನ್ನು ಅಂಗಳಕ್ಕೆ ನಡೆಸುವುದು ನಾನು. ಜ್ವರ ನೋಡಿ ಪುಸ್ತಕದಲ್ಲಿ ಬರೆಯುವುದು ನಾನು. ಉಣಿಸುವುದು ಮಾತ್ರ ಅತ್ತೆ, ಬೆಳಿಗ್ಗೆ ವ್ಯಾನು ಬರುವ ಮುಂಚೆ, ಸಂಜೆ ವ್ಯಾನು ಇಳಿದ ಮೇಲೆ. ಮೊಸರನ್ನದ ಉಂಡೆಯಲ್ಲಿ ಮಾತ್ರೆ ಅಡಗಿಸಿ ಕೈಯಲ್ಲಿ ಹಿಡಿದರೆ ಜೂಲಿ ಅಂಗೈ ಸಮೇತ ನೆಕ್ಕಿ ತಿನ್ನುತ್ತಿತ್ತು. ಬೇರೆ ಯಾರ ಕೈಗೂ ಬಾಯಿ ತೆರೆಯುತ್ತಿರಲಿಲ್ಲ. ಶನಿವಾರದ ಹೊತ್ತಿಗೆ ಜ್ವರ ಇಳಿದು, ಗಾಯ ಒಣಗಿ, ಬಾಲ ಒಂದೆರಡು ಸಲ ನೆಲಕ್ಕೆ ಬಡಿಯಿತು. ಪುಸ್ತಕದಲ್ಲಿ 'ಸುಧಾರಣೆ' ಎಂದು ಬರೆದೆ. ಸಂತೋಷವಾಯಿತೇ ಎಂದು ಕೇಳಿದರೆ ಆ ಪದ ಬರೆದದ್ದು ನೆನಪಿದೆ, ಅಷ್ಟೆ.

ಸೋಮವಾರ ಬೆಳಿಗ್ಗೆ ವ್ಯಾನು ಅತ್ತೆಯನ್ನು ಕರೆದುಕೊಂಡು ಹೋದ ಮೇಲೆ ಬನಿಯನ್ ಎತ್ತಿ ನೋಡಿದೆ. ಒಳಗೆಲ್ಲ ಒದ್ದೆ. ಗಾಯ ಬಾಯಿ ಬಿಟ್ಟಿತ್ತು. ಒಂಬತ್ತು ಗಂಟಿನಲ್ಲಿ ಎರಡು ಮಾತ್ರ ಉಳಿದಿದ್ದವು.

ಅಪ್ಪ ಹೊರಗೆ ಪೊರಕೆ ಹಿಡಿದು ಗಾಳಿ ತಂದ ಕಸ ಗುಡಿಸುತ್ತಿದ್ದ. ನಾನು ಅಲ್ಲೇ ಶುರುಮಾಡಿದೆ. ಭಾನುವಾರ ಮಧ್ಯಾಹ್ನ ನಾನು ಔಷಧಿಗೆ ಸೂಲೂರಿಗೆ ಹೋಗಿದ್ದೆ. ಆಗ ಮನೆಯಲ್ಲಿದ್ದವನು ನೀನು. ನಾಯಿಗೆ ಕಡಿತ ಆಗುತ್ತೆ, ಬನಿಯನ್ ಬಿಚ್ಚೋಣ ಎಂದು ಶುಕ್ರವಾರ ಹೇಳಿದವನೂ ನೀನು. ಆಪರೇಷನ್ ಬೇಡ ಎಂದವನಂತೂ ನೀನೇ. ಬಿಚ್ಚಿದೆ, ಅದು ನೆಕ್ಕಿತು, ಮತ್ತೆ ತೊಡಿಸಿಟ್ಟೆ. ಅತ್ತೆಯೂ ಮನೆಯಲ್ಲಿದ್ದಳು, ನಿಜ, ಆದರೆ ಆಕೆ ಅದನ್ನು ಮಗುವಿನಂತೆ ನೋಡಿಕೊಂಡವಳು, ಆಕೆಗೆ ಉದ್ದೇಶ ಎಲ್ಲಿದೆ? ಎದುರಾಳಿ ಹೇಳಬಹುದಾದ್ದನ್ನು ನಾನೇ ಹೇಳಿ ನಾನೇ ಮುರಿದು ಹಾಕುವುದು ನನಗೆ ಅಭ್ಯಾಸವಾಗಿತ್ತು. ಅಪ್ಪ ನಾನು ಮುಗಿಸುವವರೆಗೂ ಗುಡಿಸಿದ. ಪೊರಕೆ ಇಟ್ಟು, ಒಳಗೆ ಹೋಗಿ, ಜೂಲಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಎತ್ತಿಕೊಂಡು ಬಂದು, "ಆಟೋ ಕರಿ," ಅಂದ.

ವೈದ್ಯೆ ಒಳಗಿನ ಪದರ ಗಟ್ಟಿಯಾಗಿದೆ, ತೊಗಲು ಮಾತ್ರ ಬಿಟ್ಟಿದೆ ಎಂದರು. ಮತ್ತೆ ಅರಿವಳಿಕೆ ಕೊಟ್ಟು ಮಲಗಿಸಿದರೆ ಈ ವಯಸ್ಸಿನ ನಾಯಿ ಏಳುತ್ತದೆಂದು ಹೇಳಲಾರೆ. ಅಲ್ಲಲ್ಲೇ ಮರಗಟ್ಟಿಸಿ ಹೊಲಿಯುತ್ತೇನೆ, ಆದರೆ ಇನ್ನೊಂದು ಸಲ ಬಿಚ್ಚಿ ಕೀವು ಒಳಗಿಳಿದರೆ ನನ್ನ ಕೈಯಲ್ಲಿ ಏನೂ ಇಲ್ಲ. ಇಷ್ಟು ಹೇಳಿ, ಉಳಿದಿದ್ದ ಒಂದು ಗಂಟನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಇದನ್ನ ಯಾರು ಕತ್ತರಿಸಿದ್ದು?" ತಮಿಳಿನಲ್ಲಿ ಕೇಳಿದರು. "ನೆಕ್ಕಿ ಕಚ್ಚಿದ್ರೆ ದಾರ ಜಜ್ಜಿಹೋಗಿರುತ್ತೆ. ಇದು ಕತ್ತರಿ. ಎಲ್ಲಾ ಗಂಟಿನ ಬುಡಕ್ಕೇ ಕತ್ತರಿಸಿದ್ದಾರೆ. ತುದಿ ಇಲ್ಲದೆ ಹೋದ್ರೆ ನೈಲಾನ್ ಜಾರುತ್ತೆ, ಗಂಟು ನಿಲ್ಲಲ್ಲ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಹಸುವಿನ ಪೋಸ್ಟರ್ ನೋಡುತ್ತಿದ್ದ. ಅಷ್ಟು ನುಣ್ಣಗೆ, ಅಷ್ಟು ಸಮವಾಗಿ ದಾರದ ತುದಿ ಕತ್ತರಿಸುವ ಕೈ ನಮ್ಮ ಮನೆಯಲ್ಲಿ ಒಂದೇ ಒಂದು.

ಹೊರಗೆ ಬಂದ ಮೇಲೆ ಕೇಳಿದೆ, "ನಿಂಗೆ ಗೊತ್ತಿತ್ತಾ?"

"ಬೆಳಿಗ್ಗೆ ಗುಡಿಸೋವಾಗ ಕಸದಲ್ಲಿ ಕರಿ ದಾರ ಸಿಕ್ತು. ಚೂರು ಚೂರು."

"ಮತ್ಯಾಕೆ ಹೇಳ್ಲಿಲ್ಲ?"

"ನೀನು ಮಾತಾಡ್ತಿದ್ದೆ," ಅಂದ ಅಪ್ಪ.

ಆಟೋದಲ್ಲಿ ಗಾಳಿಗೆ ಮುಖ ಒಡ್ಡಿ ಕೂತು ನಾನು ಎಲ್ಲವನ್ನೂ ಮತ್ತೆ ಜೋಡಿಸಿದೆ. ಭಾನುವಾರ ಅತ್ತೆ ಬನಿಯನ್ ಒಗೆದು ಒಣಗಿಸಿ ತೊಡಿಸಿದ್ದಳು. ಒಗೆಯಲು ಬಿಚ್ಚಿದಾಗ ಹೊಲಿಗೆ ಕಂಡಿರಬೇಕು. ಒಂಬತ್ತು ಗಂಟು, ಹದಿನೆಂಟು ಪಿಸಿರು. ಬೇರೆ ಯಾವ ಮನೆಯಲ್ಲಾದರೂ ಅದು ಡಾಕ್ಟರು ಹಾಕಿದ ಹೊಲಿಗೆ. ಅತ್ತೆಯ ಕಣ್ಣಿಗೆ ಮುಗಿಯದ ಪೀಸು. ಚೀಟಿಯಲ್ಲಿ ದಾರದ ತುದಿ ಕತ್ತರಿಸಬಾರದು ಎಂದು ಬರೆದಿರಲಿಲ್ಲ, ಹಾಗೆ ಬರೆಯಬೇಕೆಂದು ಲೋಕದಲ್ಲಿ ಯಾರಿಗೂ ಹೊಳೆಯದು. ಅತ್ತೆಯ ಜೊತೆ ಹದಿನೈದು ವರ್ಷ ಬದುಕಿದ್ದ ನನಗೆ ಹೊಳೆಯಬಹುದಿತ್ತು.

"ಅವ್ಳಿಗೆ ಹೇಳ್ಬೇಡ," ಅಂದ ಅಪ್ಪ. "ಆ ಕೈ ಒಂದೇ ಅವ್ಳಿಗೆ ಇರೋದು."

"ಹೇಳ್ದಿದ್ರೆ ಮತ್ತೆ ಕತ್ತರಿಸ್ತಾಳೆ."

"ನಾವು ಕಾಯೋಣ."

ಅದು ಉತ್ತರವೇ ಅಲ್ಲ ಎಂದು ಸಾಧಿಸಬಹುದಿತ್ತು. ಬೆಳಗಿನಿಂದ ಮಾತಾಡಿದ್ದು ಸಾಕಾಗಿತ್ತು.

ಸಂಜೆ ಅತ್ತೆ ಬಂದು ಕೇಳಿ ಹೌಹಾರಿದಳು, ಆಮೇಲೆ ಸಿಟ್ಟಾದಳು. "ಇದೇನ್ ಹೊಲಿಗೆ ಅವ್ಳದು? ಆರು ದಿನ ನಿಲ್ಲಲ್ವಾ? ಓದಿರೋ ಡಾಕ್ಟರಮ್ಮ! ನಮ್ಮ ಲೈನಲ್ಲಿ ಹಿಂಗ್ ಹೊಲಿದ್ರೆ ಮಧ್ಯಾಹ್ನದೊಳಗೆ ಮನೆಗೆ ಕಳಿಸ್ತಾರೆ." ಬನಿಯನ್ ಎತ್ತಿ ನೋಡಿದಳು. ವೈದ್ಯೆ ಈ ಸಲ ತುದಿಗಳನ್ನು ಇನ್ನೂ ಉದ್ದ ಬಿಟ್ಟಿದ್ದರು. "ಅಯ್ಯೋ ಸಾಮಿ, ನೋಡಿಲ್ಲಿ, ಎಷ್ಟು ಪಿಸಿರು! ಅವ್ಳಿಗೆ ಫಿನಿಶಿಂಗೇ ಬರಲ್ಲ ಕಣ್ಣು."

"ಗಾಳಿ ಬರ್ತಿದೆ, ಮುಚ್ಚು ಅತ್ತೆ," ಅಂದೆ.

ಮೂರು ದಿನ ಕಾದೆವು. ಅತ್ತೆ ಮನೆಯಲ್ಲಿರುವಷ್ಟು ಹೊತ್ತೂ ನಾನು ಜೂಲಿಯ ಪಕ್ಕ, ನಾನಿಲ್ಲದಾಗ ಅಪ್ಪ. ಆಕೆಯ ಪುಟ್ಟ ಕತ್ತರಿಯನ್ನು ಅಪ್ಪ ಅಕ್ಕಿ ಡಬ್ಬದ ಹಿಂದೆ ಇಟ್ಟ, ಆಕೆ ಎರಡೇ ನಿಮಿಷದಲ್ಲಿ ಹುಡುಕಿ, "ಇದ್ಯಾಕೋ ತಂಬಿ ಇಲ್ಲಿಗೆ ಬಂತು?" ಎಂದು ನಕ್ಕಳು. ಗುರುವಾರ ಪೀಸು ಬಂದಿಲ್ಲವೆಂದು ಅವಳ ಕಂಪನಿಗೆ ರಜೆ. ಬೆಳಿಗ್ಗೆ ನಾನು ನೀರಿನ ಮೋಟಾರ್ ಹಾಕಿ ಒಳಗೆ ಬರುವಷ್ಟರಲ್ಲಿ ಅತ್ತೆ ಜೂಲಿಯ ಪಕ್ಕ ಕೂತು ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಬಲಗೈ ಬನಿಯನ್‌ನ ಅಂಚಿನೊಳಗೆ ಹೋಗಿತ್ತು. ಹೆಬ್ಬೆರಳು ಒಂದು ದಾರದ ತುದಿಯನ್ನು ಸವರುತ್ತಿತ್ತು. ಅದು ಆಕೆಗೇ ಗೊತ್ತಿರಲಿಲ್ಲ.

ಹೇಳಿಬಿಟ್ಟೆ. ಪೀಠಿಕೆ ಇಲ್ಲ, ಅಂಶಗಳಿಲ್ಲ. "ಅತ್ತೆ, ಭಾನುವಾರ ನೀನು ಪಿಸಿರು ತೆಗೆದ್ಯಲ್ಲ, ಅದಕ್ಕೇ ಹೊಲಿಗೆ ಬಿಚ್ಚಿದ್ದು."

ಕೈ ನಿಂತಿತು. "ಎಷ್ಟು ಬಿಚ್ಚಿತ್ತು?"

"ಏಳು."

"ಏಳೂ ನಾನೇನಾ?"

"ಹೂಂ."

ಅತ್ತೆ ಕೈ ಹೊರಗೆ ತೆಗೆದು ಸೀರೆಗೆ ಒರೆಸಿಕೊಂಡಳು. "ಡಾಕ್ಟರಮ್ಮನ್ನ ನಾನು ಏನೇನೋ ಅಂದೆ," ಅಂದಳು. ಎದ್ದು ಹಿತ್ತಲಿಗೆ ಹೋದಳು.

ಅವತ್ತು ಸಂಜೆಯಿಂದ ಆಕೆ ಜೂಲಿಯ ಹತ್ತಿರ ಬರಲಿಲ್ಲ. ಅನ್ನ ಕಲಸಿ, ಮಾತ್ರೆ ಅಡಗಿಸಿ, ತಟ್ಟೆಯನ್ನು ಅಡುಗೆಮನೆಯ ಹೊಸಿಲ ಮೇಲಿಡುತ್ತಿದ್ದಳು; ನಾನು ಒಯ್ಯಬೇಕು. ಜೂಲಿ ನನ್ನ ಕೈಯನ್ನು ಮೂಸಿ ಮುಖ ತಿರುಗಿಸುತ್ತಿತ್ತು. ಅಪ್ಪ ಪ್ರಯತ್ನಿಸಿದ, ಆಗಲಿಲ್ಲ. ಶುಕ್ರವಾರ ತಿನ್ನಲಿಲ್ಲ. ಬಾಯಿ ಬಿಡಿಸಿ ಮಾತ್ರೆ ಹಾಕಿದರೆ ವಾಂತಿ ಮಾಡಿತು. ವಾಂತಿಯ ಬಿಕ್ಕಿಗೆ ಹೊಟ್ಟೆ ಸೆಳೆದು ಹೊಲಿಗೆ ಬಿಗಿಯಿತು. ಜ್ವರ ಮತ್ತೆ ಏರಿತು, ಪುಸ್ತಕದಲ್ಲಿ ಬರೆದೆ. ಹೇಳಿದ್ದು ಸರಿ ಎಂದು ಈಗಲೂ ವಾದಿಸಬಲ್ಲೆ. ಹೇಳಬಾರದಿತ್ತು ಎಂದೂ ವಾದಿಸಬಲ್ಲೆ. ನಾಯಿ ಎರಡನ್ನೂ ಕೇಳದೆ ಗೋಡೆಗೆ ಮೂತಿ ಇಟ್ಟು ಮಲಗಿತ್ತು.

ಶನಿವಾರ ಬೆಳಿಗ್ಗೆ ಅತ್ತೆಯ ಮುಂದೆ ಕೂತೆ. "ನೋಡು ಅತ್ತೆ, ತಪ್ಪು ಅನ್ನಬೇಕಾದರೆ ಗೊತ್ತಿದ್ದು ಮಾಡಿರಬೇಕು. ನಿಂಗೆ ಗೊತ್ತಿರ್ಲಿಲ್ಲ. ಚೀಟಿಲಿ ಇರ್ಲಿಲ್ಲ. ಡಾಕ್ಟ್ರು ಹೇಳ್ಲಿಲ್ಲ. ಓದಿದ್ದು ನಾನು, ನಾನೂ ಹೇಳ್ಲಿಲ್ಲ. ಹಂಗಿದ್ಮೇಲೆ..."

"ನೀ ಹೇಳೋದೆಲ್ಲ ಸರಿ ಕಣ್ಣು," ಅಂದಳು. "ಕೈ ಕೇಳಲ್ಲ. ನೋಡಿದ್ರೆ ಹೋಗುತ್ತೆ. ಮೊನ್ನೆ ನೀನೇ ನೋಡಿದ್ಯಲ್ಲ, ನಾನು ಎಲ್ಲಿ ಕೈ ಹಾಕಿದ್ದೆ ಅಂತ ನಂಗೇ ಗೊತ್ತಿರ್ಲಿಲ್ಲ."

ಇದಕ್ಕೆ ಎದುರು ಮಾತು ನಾಲಿಗೆಗೆ ಬರಲಿಲ್ಲ. ಬಾಯಿಗೆ ಬಂದದ್ದು ಬೇರೆ: "ಅತ್ತೆ, ಅದು ಎರಡು ದಿನದಿಂದ ತಿಂದಿಲ್ಲ."

ವ್ಯಾನು ಬಂದು ಹಾರ್ನ್ ಹೊಡೆದು ಹೋಯಿತು. ಆಮೇಲೆ ಅತ್ತೆ ಮೊಸರನ್ನ ಕಲಸಿಕೊಂಡು ಬಂದು, ಜೂಲಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತಳು. ಎದುರಿಗೆ ಬಾಗಿಲು, ಬಾಗಿಲಾಚೆ ಗಾಳಿ. ಉಂಡೆ ಮಾಡಿ ಕೈಯನ್ನು ಬೆನ್ನ ಹಿಂದಕ್ಕೆ ಚಾಚಿದಳು, ಬಸ್ಸಿನಲ್ಲಿ ಹಿಂದಿನ ಸೀಟಿನ ಮಗುವಿಗೆ ತಿಂಡಿ ಕೊಡುವವರ ಹಾಗೆ. ಜೂಲಿ ಕುತ್ತಿಗೆ ಎತ್ತಿತು, ಮೂಸಿತು.

"ತಿಂತಾ ಇದ್ಯಾ?" ಅತ್ತೆ ಬಾಗಿಲಿಗೆ ಹೇಳಿದಳು.

"ನಾಲಿಗೆ ತಾಗ್ತಿಲ್ವಾ ನಿಂಗೆ?"

"ತಾಗ್ತಿದೆ. ಆದ್ರೂ ಹೇಳು."

"ತಿಂತಾ ಇದೆ."

ಅಂದಿನಿಂದ ಹೊಲಿಗೆ ಬಿಚ್ಚುವವರೆಗೆ ಅತ್ತೆ ಹಾಗೇ ಉಣಿಸಿದಳು. ನಾನು ಜೂಲಿಯ ಕಡೆ ಮುಖ ಮಾಡಿ ಕೂತು ಕಂಡದ್ದನ್ನು ಹೇಳುವವಳಾದೆ. ಒಣಗಿದೆಯಾ? ಒಣಗಿದೆ. ಕೆಂಪು? ಸ್ವಲ್ಪ, ಎಡಗಡೆ. ಕಡಿಮೆಯಾ ನಿನ್ನೆಗಿಂತ? ಕಡಿಮೆ. ಅಂಥದೇ ಒಂದು ಸಂಜೆ ಅಪ್ಪ ಶೆಡ್ಡಿನಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಹೋಗಿ ನಿಂತು, ಸೋಮವಾರ ನಾನು ಹೇಳಿದ್ದೆಲ್ಲ ತಪ್ಪು ಅಂದೆ.

"ಚೆನ್ನಾಗೇ ಮಾತಾಡ್ದೆ," ಅಂದ ಅಪ್ಪ ಮುಖಕ್ಕೆ ನೀರು ಎರಚಿಕೊಳ್ಳುತ್ತ. "ಕೈಯಲ್ಲಿ ದಾರ ಇಟ್ಕೊಂಡೂ ನಾನೇ ಮಾಡಿರ್ಬೇಕು ಅಂತ ಸ್ವಲ್ಪ ಹೊತ್ತು ನಂಬಿಬಿಟ್ಟಿದ್ದೆ."

ಹೊಲಿಗೆ ಬಿಚ್ಚುವ ದಿನ ಅತ್ತೆ ಆಟೋದಲ್ಲಿ ನಮ್ಮ ಜೊತೆ ಬಂದಳು, ಆದರೆ ಇಳಿಯಲಿಲ್ಲ. ವೈದ್ಯೆ ಒಂದೊಂದೇ ಗಂಟು ಎತ್ತಿ ಕತ್ತರಿಸಿ ಎಳೆದರು. ಜೂಲಿ ನನ್ನ ಮೊಣಕೈಯಲ್ಲಿ ಮೂತಿ ತೂರಿಸಿ ನಿಂತಿತ್ತು. ತೊಗಲು ಕೂಡಿಕೊಂಡಿದೆ, ಇನ್ನು ಬನಿಯನ್ ಬೇಡ, ಸ್ವಲ್ಪ ದಿನ ಓಡಿಸಬೇಡಿ ಎಂದರು. ನನಗೆ ಅಳು ಬರಬೇಕಾಗಿತ್ತು ಅನ್ನಿಸುತ್ತದೆ. ಬರಲಿಲ್ಲ. ಜೂಲಿಯ ಮೈಯ ಬಿಸಿ ಮಾತ್ರ ತೋಳಿಗೆ ಗೊತ್ತಾಗುತ್ತಿತ್ತು.

ಅಪ್ಪ ಅದನ್ನು ಎತ್ತಿ ತಂದು ಆಟೋದ ಸೀಟಿನ ಮೇಲೆ ಮಲಗಿಸಿದ. ಅತ್ತೆ ರಸ್ತೆಯ ಕಡೆ ತಿರುಗಿಕೊಂಡೇ ಇದ್ದಳು.

"ಆತಾ?"

"ಆತು."

"ದಾರ ಎಲ್ಲಾ ತೆಗೆದ್ಲಾ?"

"ಎಲ್ಲಾ."

"ಒಂದೂ ಬಿಟ್ಟಿಲ್ವಲ್ಲ? ಸರಿಯಾಗಿ ನೋಡಿದ್ಯಾ?"

"ಒಂದೂ ಇಲ್ಲ ಅತ್ತೆ. ನೀನೇ ನೋಡು."

ಅತ್ತೆ ತಿರುಗಿದಳು. ಜೂಲಿಯ ಹಿಂಗಾಲನ್ನು ಮೆಲ್ಲಗೆ ಸರಿಸಿ, ಬೋಳಾದ ಹೊಟ್ಟೆಯ ಗುಲಾಬಿ ಗೆರೆಯ ಮೇಲೆ ಹೆಬ್ಬೆರಳು ಇಟ್ಟು ಮೇಲಿನಿಂದ ಕೆಳಗೆ ಎಳೆದಳು. ಮತ್ತೆ ಕೆಳಗಿನಿಂದ ಮೇಲಕ್ಕೆ. ಎಲ್ಲೂ ತಡೆಯಲಿಲ್ಲ.

"ಸೊಟ್ಟ ಹೊಲಿದವ್ಳೆ," ಅಂದಳು. "ನಮ್ಮ ಕಂಪ್ನಿಲಿ ಇದು ಪಾಸಾಗಲ್ಲ."

ಹಾಗಂದವಳು ಮನೆ ಬರುವವರೆಗೆ ಅಲ್ಲಿಂದ ಕೈ ತೆಗೆಯಲಿಲ್ಲ.